ತಂಗಿಯ ಗೋಡೆಗೆ ನಾನು ಹೊಡೆದ ಗೂಟ

ಹುಣಸೂರಿನಲ್ಲಿರುವ ತಂಗಿಯ ಮನೆಗೆ ಹೋದಾಗ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ ಕೂಡಲೇ ನಾನು ನೋಡುವುದು ಹಾಲಿನ ಗೋಡೆಯ ಮೇಲಿರುವ ಟಿ.ವಿ.ಯನ್ನು. ಅದರಲ್ಲಿ ಏನು ಬರುತ್ತಿದೆ ಎಂದಲ್ಲ, ಅದು ನೆಟ್ಟಗೆ ನಿಂತಿದೆಯಲ್ಲ ಎಂದು. ಜೊತೆಗೆ ಯಾರಾದರೂ ಬಂದಿದ್ದರೆ ಗೋಡೆಯನ್ನು ಬೆರಳಿನ ಗೆಣ್ಣಿನಿಂದ ತಟ್ಟಿ ತೋರಿಸುತ್ತೇನೆ. ಡಬಡಬ ಎಂದು ಟೊಳ್ಳು ಸದ್ದು ಬರುತ್ತದೆ.

"ಇಟ್ಗೆ ಇಲ್ಲ, ಸಿಮೆಂಟಿಲ್ಲ. ಟಿ.ವಿ. ಇರೋ ಜಾಗದಲ್ಲಿ ಹಿಂದ್ಗಡೆ ಒಂದು ಕಬ್ಬಿಣದ ಪಟ್ಟಿನೂ ಇಲ್ಲ. ನಮ್ ತಂಗಿ ಕೈಯಾರೆ ಕೂರ್ಸಿರದು" ಎನ್ನುತ್ತೇನೆ.

ಹೇಳುವಾಗ ಎದೆ ಉಬ್ಬುತ್ತದೆ. ಅದೇ ಗೋಡೆಯನ್ನು ಮೊದಲು ಕೆಡಿಸಿದವನು ನಾನು ಎಂಬುದನ್ನು ಮಾತ್ರ ಬಂದವರಿಗೆ ಹೇಳುವುದಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಪಿರಿಯಾಪಟ್ಟಣದ ಕಡೆಯ ಹಳ್ಳಿಯಲ್ಲಿ ಹೊಗೆಸೊಪ್ಪು ಬೆಳೆಯುವವನು. ಏಳನೆಯ ತರಗತಿಯ ಆಚೆ ಓದಲಿಲ್ಲ. ಇರುವ ಒಬ್ಬಳೇ ತಂಗಿಯನ್ನು ಹುಣಸೂರಿಗೆ ಕೊಟ್ಟಿದ್ದೇವೆ. ಅವಳ ಗಂಡ, ನನ್ನ ಭಾವ, ಸರಗೂರಿನ ಕಡೆ ಹೋಗುವ ಬಸ್ಸು ಓಡಿಸುತ್ತಾರೆ. ಮನೆಯಲ್ಲಿ ಅವರಿಬ್ಬರು ಮತ್ತು ಭಾವನ ತಾಯಿ. ಆ ತಾಯಿಯನ್ನು ನಾನು ಅತ್ತೆ ಎಂದು ಕರೆಯುತ್ತೇನೆ.

ತಂಗಿ ರವಿಕೆ ಹೊಲಿಯುತ್ತಾಳೆ. ಅವಳ ಹೊಲಿಗೆ ಯಂತ್ರ ಹಾಲಿನ ಮೂಲೆಯಲ್ಲೇ ಇತ್ತು. ಅಳತೆ ಕೊಡಲು ಬಂದ ಹೆಂಗಸರು, ಅಲ್ಲಿ ಅತ್ತೆಯ ಕಡೆಯ ಗಂಡಸರು ಕಾಫಿ ಕುಡಿಯುತ್ತ ಕೂತಿರುವುದನ್ನು ಕಂಡು ಬಾಗಿಲಿನಿಂದಲೇ ವಾಪಸ್ಸು ಹೋಗುತ್ತಿದ್ದರು. ಆ ಹಾಲ್ ಉದ್ದಕ್ಕಿತ್ತು. ತಂಗಿ ಹಟ ಹಿಡಿದು ಅದರ ನಡುವೆ ಜಿಪ್ಸಂ ಬೋರ್ಡಿನ ಗೋಡೆ ಎಬ್ಬಿಸಿದಳು. ಎರಡು ಕಡೆಗೂ ಬೋರ್ಡು, ಒಳಗೆ ಅಲ್ಲಲ್ಲಿ ತೆಳ್ಳಗಿನ ಕಬ್ಬಿಣದ ಪಟ್ಟಿ, ಉಳಿದದ್ದೆಲ್ಲ ಬರೀ ಗಾಳಿ. ಆಚೆ ಬದಿಗೆ ಅವಳ ಯಂತ್ರ, ಕನ್ನಡಿ, ಒಂದು ಬಾಗಿಲು. ಅವಳದೇ ಎನ್ನುವ ಜಾಗ ಅವಳಿಗೆ ಹುಟ್ಟಿದಾಗಿನಿಂದ ಸಿಕ್ಕಿದ್ದು ಅದೇ ಮೊದಲು. ನಮ್ಮ ಮನೆಯಲ್ಲಂತೂ ಇರಲಿಲ್ಲ.

ಅತ್ತೆಗೆ ಗೋಡೆ ಹಿಡಿಸಲಿಲ್ಲ. "ರಟ್ಟಿನ ಗೋಡೆ. ಬೆಕ್ಕು ಒರಗ್ಕಂಡ್ರೆ ಬಿದ್ದೋಯ್ತದೆ" ಎಂದು ಬಂದವರ ಮುಂದೆಲ್ಲ ಆಡಿಕೊಳ್ಳುತ್ತಿದ್ದರು.

ಹೊಸ ಕೋಣೆಯಲ್ಲಿ ಹಾಲುಕ್ಕಿಸುವ ದಿನ ತವರಿನ ಲೆಕ್ಕದಲ್ಲಿ ನಾನು ಟಿ.ವಿ. ತೆಗೆದುಕೊಂಡು ಹೋದೆ. ತವರಿನಿಂದ ಬಂದದ್ದನ್ನು ಅಣ್ಣನೋ ತಮ್ಮನೋ ಕೈಯಾರೆ ಇಟ್ಟುಕೊಡುವುದು ನಮ್ಮಲ್ಲಿ ರೂಢಿ. ಅದಕ್ಕೇ ಅಂಗಡಿಯವನು ಕೂರಿಸಲು ಆಳು ಕಳಿಸುತ್ತೇನೆಂದರೂ ಬೇಡವೆಂದಿದ್ದೆ. ಭಾವ ಅಂದು ಡ್ಯೂಟಿಯ ಮೇಲಿದ್ದರು. ನೆಂಟರೆಲ್ಲ ಚಾಪೆಯ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದರು.

"ಅಣ್ಣ, ಗೋಡೆ ಮಾಡ್ದೋರ್ನ ಒಂದು ಮಾತು ಕೇಳ್ಲಾ?" ಎಂದಳು ತಂಗಿ.

"ನಾನು ಬ್ಯಾರನ್ ಕಟ್ಟಿರೋನು ಕಣವ್ವ. ಒಂದು ಟಿ.ವಿ. ನೇತಾಕಕ್ಕೆ ಯಾರ್ನ ಕೇಳ್ಬೇಕು?" ಎಂದೆ. ಎಲ್ಲರೂ ನಕ್ಕರು. ಆ ನಗು ನನಗೆ ಹಿತವಾಯಿತು.

ಹೊಗೆಸೊಪ್ಪು ಒಣಗಿಸಿ ಹದ ಮಾಡುವ ಮನೆಗೆ ನಾವು ಬ್ಯಾರನ್ ಎನ್ನುತ್ತೇವೆ. ನಮ್ಮದು ಮಣ್ಣಿನ ಗೋಡೆಯದು. ಅದಕ್ಕೆ ಏನಾದರೂ ನೇತು ಹಾಕಬೇಕಾದರೆ ತೂತು ಕೊರೆದು, ತೂತಿಗಿಂತ ಒಂದಿಷ್ಟು ದಪ್ಪನೆಯ ಮರದ ಗೂಟ ಕೆತ್ತಿ ಹೊಡೆಯುತ್ತೇವೆ. ಎಷ್ಟು ಬಿಗಿಯಾಗಿ ಹೊಡೆಯುತ್ತೇವೋ ಮಣ್ಣು ಅಷ್ಟೇ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ನಾನು ಊರಿನಿಂದಲೇ ಗೂಟ ಕೆತ್ತಿಕೊಂಡು ಬಂದಿದ್ದೆ. ಅದನ್ನು ತಂಗಿಯ ಗೋಡೆಗೂ, ಹಾಲಿನ ಬದಿಯಲ್ಲಿ, ಹಾಗೆಯೇ ಹೊಡೆದೆ. ಗೂಟಕ್ಕೆ ಸ್ಕ್ರೂ ಬಿಗಿದು ಟಿ.ವಿ.ಯ ಸ್ಟ್ಯಾಂಡನ್ನು ಕೂರಿಸಿದೆ. ಅದು ಬೇಕಾದಾಗ ಮುಂದಕ್ಕೆ ಎಳೆದುಕೊಳ್ಳುವ ತೋಳಿರುವ ಸ್ಟ್ಯಾಂಡು. ನೋಡುವವರಿಗೆ ಜೋರಾಗಿ ಕಾಣಲಿ ಎಂದು ನಾನೇ ಆರಿಸಿದ್ದು.

ಮೇಲಿನ ಗೂಟಕ್ಕೆ ಕೊನೆಯ ಪೆಟ್ಟು ಹಾಕುವಾಗ ಬೋರ್ಡು ಬಿರುಕು ಬಿಟ್ಟು ಒಳಗಡೆ ಏನೋ ಉದುರಿದ ಸದ್ದಾಯಿತು. ಗೂಟದ ಸುತ್ತ ಬಿಳಿ ಪುಡಿ ಇಳಿಯಿತು. ಬೆರಳಿಟ್ಟು ಅಲ್ಲಾಡಿಸಿದೆ. ಅಲ್ಲಾಡಿತು. ಮಣ್ಣಿನ ಗೋಡೆಗೆ ಬಲ ಕೊಡುವ ಬಿಗಿತವೇ ಈ ಗೋಡೆಯನ್ನು ಒಡೆಯುತ್ತದೆ ಎಂದು ಆ ಗಳಿಗೆಯಲ್ಲೇ ನನಗೆ ತಿಳಿಯಿತು. ಹಿಂದೆ ನೆಂಟರು ಕೂತಿದ್ದರು. ಪುಡಿಯನ್ನು ಅಂಗೈಯಿಂದ ಒರೆಸಿ, ಅದರ ಮೇಲೆ ಟಿ.ವಿ. ಕೂರಿಸಿ, "ಕಲ್ಲಾಗ್ ಕೂತ್ಕತು ಬುಡಿ" ಎಂದು ಊಟಕ್ಕೆ ಎದ್ದೆ.

ಆ ವಾರ ಕಳೆಯುವುದರೊಳಗೆ ಟಿ.ವಿ. ಬಿತ್ತು. ಕೆಳಗೆ ಹಗಲು ಒರಗುವ ದಿವಾನ ಮಂಚ ಇದ್ದುದರಿಂದ ಹಾಸಿಗೆಯ ಮೇಲೆ ಬಿದ್ದು, ಒಂದು ಮೂಲೆ ಮಾತ್ರ ಚಕ್ಕೆ ಎದ್ದಿತು. ಅತ್ತೆ ಆಗತಾನೇ ಅಲ್ಲಿಂದ ಎದ್ದು ನೀರು ಕುಡಿಯಲು ಹೋಗಿದ್ದರಂತೆ. ತಂಗಿ ಫೋನು ಮಾಡಿದಳು.

"ಅಣ್ಣ, ನೀನ್ ಹಾಕ್ದಾಗ ಸರಿಯಾಗಿತ್ತಾ?"

ಅವಳು ಕೇಳಿದ್ದು ಅಷ್ಟೇ. ಬೈಯಲೂ ಇಲ್ಲ.

"ನಾನ್ ಹಾಕಿದ್ದು ಗಟ್ಟಿಯಾಗೇ ಇತ್ತು. ನಿನ್ ಗೋಡೆನೇ ಸರಿಯಿಲ್ಲ ಕಣವ್ವ" ಎಂದೆ.

"ಆಯ್ತು ಕಣಣ್ಣ" ಎಂದು ಫೋನಿಟ್ಟಳು.

ನನ್ನ ತಪ್ಪು ಗೂಟ ಹೊಡೆದದ್ದಲ್ಲ. ಗೊತ್ತಿಲ್ಲದವನು ಗೂಟ ಹೊಡೆಯುತ್ತಾನೆ. ಗೊತ್ತಾದ ಮೇಲೂ ಆ ಮಾತು ಆಡಿದೆನಲ್ಲ, ಅದು ನನ್ನ ತಪ್ಪು. ಫೋನಿನಲ್ಲಿ ನಾನು ಜೋರಾಗಿ ಆಡಿದ್ದು ಪಕ್ಕದಲ್ಲಿದ್ದ ಅತ್ತೆಗೂ ಕೇಳಿಸಿತ್ತಂತೆ. ಅಣ್ಣನೇ ಗೋಡೆ ಸರಿಯಿಲ್ಲ ಎಂದ ಮೇಲೆ ಅವರಿಗೆ ಇನ್ನೇನು ಬೇಕು? ಮಗನಿಗೆ ರಜೆ ಸಿಕ್ಕಿದ ದಿನ ಗೋಡೆ ಕೀಳಿಸುವುದೆಂದು ತೀರ್ಮಾನವಾಯಿತು. ಯಂತ್ರ ಮತ್ತೆ ಹಾಲಿನ ಮೂಲೆಗೆ.

ತಂಗಿ ಜಗಳವಾಡಲಿಲ್ಲ. ಭಾವನಿಗೆ ರಜೆ ಸಿಗುವ ತನಕ ಗೋಡೆಯನ್ನು ಯಾರೂ ಮುಟ್ಟಬಾರದು ಎಂದು ಮಾತು ತೆಗೆದುಕೊಂಡಳು. ಗೋಡೆ ಮಾಡಿದವರನ್ನು ಫೋನಿನಲ್ಲಿ ವಿಚಾರಿಸಿದಳು, ಮೊಬೈಲಿನಲ್ಲಿ ನೋಡಿದಳು. ಟಿ.ವಿ.ಯ ಭಾರ ಹೊರುವಷ್ಟು ಒತ್ತಾಗಿ ಕಬ್ಬಿಣದ ಪಟ್ಟಿ ಇದ್ದದ್ದು ಬಾಗಿಲಿನ ಪಕ್ಕದಲ್ಲಿ ಮಾತ್ರ. ಟಿ.ವಿ. ಅಲ್ಲಿಗೆ ಹೋದರೆ ಅತ್ತೆ ಸಾಯಂಕಾಲ ಎದುರಿಗೆ ಕುರ್ಚಿ ಹಾಕಿಕೊಂಡು ನೋಡುವ ಜಾಗದಿಂದ ಕಾಣುವುದಿಲ್ಲ. ಹಾಗಾಗಿ ಪಟ್ಟಿಯ ಆಸರೆ ಇಲ್ಲದೆಯೇ ಹಾಕುವ ಬೋಲ್ಟು ತರಿಸಿದಳು. ಅದಕ್ಕೆ ಮಡಚಿಕೊಳ್ಳುವ ಎರಡು ರೆಕ್ಕೆ. ತೂತಿನೊಳಗೆ ಮಡಚಿ ತೂರಿಸಿದರೆ ಬೋರ್ಡಿನ ಹಿಂದೆ ರೆಕ್ಕೆ ಬಿಚ್ಚಿಕೊಳ್ಳುತ್ತದೆ. ಮುಂದಿನಿಂದ ತಿರುಗಿಸುತ್ತ ಹೋದರೆ ಬೋರ್ಡನ್ನು ಹಿಂದಿನಿಂದ ತಬ್ಬಿ ಹಿಡಿಯುತ್ತದೆ. ಮುಂದಕ್ಕೆ ಚಾಚಿ ಗೋಡೆಯನ್ನು ಜಗ್ಗುವ ನನ್ನ ತೋಳಿನ ಸ್ಟ್ಯಾಂಡನ್ನು ಮಂಚದ ಕೆಳಗೆ ತಳ್ಳಿ, ಗೋಡೆಗೆ ಅಂಟಿಕೊಂಡು ಕೂರುವ ಚಪ್ಪಟೆ ಸ್ಟ್ಯಾಂಡು ತಂದಳು. ಕೆಟ್ಟ ಜಾಗವನ್ನು ಬಿಟ್ಟು, ಒಂದು ಗೇಣು ಪಕ್ಕಕ್ಕೆ, ತಾನೇ ಡ್ರಿಲ್ಲು ಹಿಡಿದು ಅದನ್ನು ಬಿಗಿದಳು.

ಆದರೆ ಟಿ.ವಿ. ಹಾಕಲಿಲ್ಲ. ನಾವು ಕಳಿಸಿದ್ದ ರಾಗಿಯನ್ನು ಟಿ.ವಿ.ಗಿಂತ ಭಾರವಾಗುವಷ್ಟು ಚೀಲಕ್ಕೆ ತುಂಬಿ ಆ ಸ್ಟ್ಯಾಂಡಿಗೆ ನೇತು ಹಾಕಿದಳು. ಚೀಲ ದಿನಗಟ್ಟಲೆ ಅಲ್ಲೇ ಇತ್ತು. ಬಂದ ನೆಂಟರು ಅದರ ಎದುರಿಗೇ ಕಾಫಿ ಕುಡಿದರು.

"ಸಾಯಂಕಾಲ ಆದ್ರೆ ಟಿ.ವಿ. ಬದ್ಲು ರಾಗಿ ನೋಡ್ಕಂಡ್ ಕೂತಿದೀನಿ ಕಣಪ್ಪ. ದಿನಾ ಒಂದೇ ಕತೆ" ಎಂದರು ಅತ್ತೆ, ನಾನು ಹೋದ ದಿನ.

ಟಿ.ವಿ. ಎತ್ತಿ ಕೊಡಲು ಒಂದು ಕೈ ಬೇಕು ಎಂದು ತಂಗಿ ನನ್ನನ್ನು ಕರೆಸಿದ್ದಳು. ಭಾವನೂ ರಜೆಯ ಮೇಲಿದ್ದರು. ಚೀಲ ಇಳಿಸಿದೆವು. ಸ್ಟ್ಯಾಂಡು ಎಳ್ಳಷ್ಟೂ ಜಗ್ಗಿರಲಿಲ್ಲ, ಒಂದು ಚೂರು ಪುಡಿ ಇರಲಿಲ್ಲ. ನಾನು ಟಿ.ವಿ.ಗೆ ಕೈ ಹಾಕುತ್ತಿದ್ದಂತೆ ಅತ್ತೆ ದಿವಾನದಿಂದ ಎದ್ದು ಅಡ್ಡ ಬಂದರು.

"ಬ್ಯಾಡ. ರಾಗಿ ಬಿದ್ರೆ ಬಾಚ್ಕಬೋದು. ಒಂದ್ಸಲ ಕೈ ಕೊಟ್ಟ ಗೋಡೆ ಇನ್ನೊಂದ್ಸಲ ಕೊಡಕಿಲ್ಲ ಅಂತ ಯಾರ್ ಏಳ್ತಾರೆ? ಅವ್ಳ ಅಣ್ಣನೇ ಏಳವ್ನಲ್ಲ, ಗೋಡೆ ಸರಿಯಿಲ್ಲ ಅಂತ. ಕೀಳ್ಸು ಮಗ."

ಭಾವ ನನ್ನ ಮುಖ ನೋಡಿದರು. ತಂಗಿ ನೋಡಲಿಲ್ಲ. ಅವಳು ಟಿ.ವಿ.ಯ ಇನ್ನೊಂದು ತುದಿ ಹಿಡಿದುಕೊಂಡು ನೆಲ ನೋಡುತ್ತಿದ್ದಳು. ಕೇಳಿದ್ದರೆ ನಾನು ಮತ್ತೆ ಏನಾದರೂ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆನೋ ಏನೋ. ಅವಳು ಕೇಳಲಿಲ್ಲ.

"ಗೋಡೆ ಕೈ ಕೊಡ್ಲಿಲ್ಲ ಅತ್ತೆ. ನಾನು ಕೊಟ್ಟೆ" ಎಂದೆ. "ಗೂಟ ಬಡೀವಾಗ್ಲೇ ಬೋರ್ಡು ಒಡೀತು. ಅಲ್ಲಾಡ್ತಿತ್ತು. ನೋಡ್ಬುಟ್ಟೂ ಟಿ.ವಿ. ಹಾಕ್ದೆ. ಎಲ್ರೂ ಕೂತಿದ್ರಲ್ಲ, ನಾಚ್ಕೆ ಆಯ್ತು. ಆಮೇಲೆ ಸುಳ್ಳೇಳ್ದೆ."

ಅತ್ತೆ ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿದರು. "ಬ್ಯಾರನ್‌ಗೆ ಒಡ್ಯೋ ಗೂಟ ತಂದು ನಮ್ಮನೇಗ್ ಒಡ್ದಾ? ನನ್ ತಲೆ ಮ್ಯಾಲ್ ಬಿದ್ದಿದ್ರೆ ತಿಥಿ ಊಟಕ್ಕೂ ನೀನೇ ಮುಂದಾಗ್ ಬತ್ತಿದ್ದೆ ಬುಡು."

ಭಾವನಿಗೆ ನಗು ತಡೆಯಲಾಗಲಿಲ್ಲ. ನನಗೆ ತಲೆ ಎತ್ತಲಾಗಲಿಲ್ಲ. ಅತ್ತೆ ಗೋಡೆಯ ಹತ್ತಿರ ಹೋಗಿ, ಸ್ಟ್ಯಾಂಡನ್ನು ಎರಡೂ ಕೈಯಲ್ಲಿ ಹಿಡಿದು ಒಮ್ಮೆ ಜಗ್ಗಿ ನೋಡಿದರು. ಆಮೇಲೆ ಸೊಸೆಗೆ ಹೇಳಿದರು: "ಹಾಕವ್ವ. ಅವ್ನ್ ಕೈಲಿ ಸ್ಕ್ರೂ ಮುಟ್ಟುಸ್ಬ್ಯಾಡ."

ನಾನು ಎತ್ತಿ ಹಿಡಿದೆ. ತಂಗಿ ಕೂರಿಸಿದಳು.

ಬಸ್ಸಿಗೆ ಹೊರಡುವಾಗ ಅವಳು ಗೇಟಿನ ತನಕ ಬಂದಳು. "ಟಿ.ವಿ. ಬಿದ್ದಾಗ ಆ ಗೂಟಾನೂ ಹಾಸಿಗೆ ಮೇಲೇ ಬಿದ್ದಿತ್ತು ಕಣಣ್ಣ" ಎಂದಳು. "ಅದ್ರ ಸುತ್ತ ಬೋರ್ಡಿನ ಚೂರು ಮೆತ್ಕಂಡಿತ್ತು. ಅತ್ತೆ ಬರೋಕ್ ಮುಂಚೆ ಎತ್ಕಂಡೋಗಿ ನೀರೊಲೆಗೆ ಹಾಕ್ದೆ."

ಅಂದರೆ ಫೋನು ಮಾಡುವಾಗಲೇ ಅವಳಿಗೆ ಗೊತ್ತಿತ್ತು. ನಾನಾಗಿ ಹೇಳಲಿ ಎಂದು ಕೇಳಿದ್ದಳು. ನಾನು ಹೇಳದೆ ಹೋದಾಗ, ತವರಿನ ಮರ್ಯಾದೆ ಉಳಿಸಿಕೊಂಡು ಗೋಡೆಯನ್ನೂ ಉಳಿಸಿಕೊಳ್ಳುವ ದಾರಿಯನ್ನು ಒಬ್ಬಳೇ ಹುಡುಕಿದ್ದಳು. ನಾನು ಬಾಯಿ ಬಿಡದಿದ್ದರೆ ಅವಳು ಕೋಣೆಯನ್ನು ಕಳೆದುಕೊಂಡರೂ ನನ್ನ ಹೆಸರು ಹೇಳುತ್ತಿರಲಿಲ್ಲ.

ಮೊನ್ನೆ ಹೋದಾಗ ಅತ್ತೆಯ ಕಡೆಯವರು ಯಾರೋ ಬಂದಿದ್ದರು. ನಾನು ಎಂದಿನಂತೆ ಗೋಡೆ ತಟ್ಟಲು ಕೈ ಎತ್ತಿದೆ. ಅಷ್ಟರಲ್ಲಿ ಅತ್ತೆಯೇ ದಿವಾನದ ಮೇಲಿಂದ ಕೈ ಚಾಚಿ ತಟ್ಟಿ, "ಒಳಗಡೆ ಬರೀ ಗಾಳಿ ಕಣ್ರೀ. ನಮ್ ಸೊಸೆ ಹಾಕಿರದು" ಎಂದರು. ಗೋಡೆಯ ಆಚೆ ಬದಿಯಲ್ಲಿ ಹೊಲಿಗೆ ಯಂತ್ರ ಓಡುತ್ತಿತ್ತು.