ಓಣಿಯ ತಿರುವಿನಲ್ಲಿ ನಿಲ್ಲುತ್ತಿದ್ದ ಹಾಡು

ಸುಂಕದಕಟ್ಟೆಯ ಗಾರ್ಮೆಂಟ್ಸಿನಲ್ಲಿ ಅವಳು ನನ್ನ ಪಕ್ಕದ ಮಿಷನ್ನಿನಲ್ಲಿ ಕಾಲರ್ ಹೊಲಿಯುತ್ತಿದ್ದಳು. ಗದಗದ ಕಡೆಯವಳು. ಸಂಜೆ ಲಗ್ಗೆರೆಗೆ ಹೊರಡುವ ವ್ಯಾನು ಹತ್ತಿದ ಕೂಡಲೇ ಡ್ರೈವರಿಗೆ, “ಅಣ್ಣಾರ, ಆ ಹಾಡು ಹಚ್ರಿ” ಎನ್ನುವಳು. ಹೆಣ್ಣು ಯಾರಿಗೂ ಹೆದರುವುದಿಲ್ಲ ಎಂದು ಸಾರುವ ಸಿನಿಮಾ ಹಾಡು. ವ್ಯಾನಿನ ಹೆಂಗಸರೆಲ್ಲ ಕೂಗಿ ಹಾಡುತ್ತಿದ್ದೆವು. ಅವಳ ದನಿಯೇ ಎಲ್ಲರಿಗಿಂತ ಜೋರು. ಮನೆಯ ತಿರುವು ಬಂದರೆ ಮಾತ್ರ ಸೆರಗು ಸರಿಮಾಡಿಕೊಂಡು, “ಬಂದ್ ಮಾಡ್ರಿ ಅಣ್ಣಾ, ನಮ್ಮ ಓಣಿ ಬಂತು” ಎನ್ನುವಳು. ಅಲ್ಲಿ ಗಂಡ ಕಾಯುತ್ತಿರುತ್ತಿದ್ದ.

ಒಂದು ದಿನ ನನಗೆ ರೇಗಿತು. “ನಿನ್ ಧೈರ್ಯ ಎಲ್ಲಾ ವ್ಯಾನ್ ಒಳಗೇನಾ?” ಎಂದುಬಿಟ್ಟೆ. ಅವಳು ನಕ್ಕಳು.

ಮರುಸಂಜೆ ತಿರುವಿನಲ್ಲಿ ಡ್ರೈವರ್ ಹಾಡು ನಿಲ್ಲಿಸಲು ಕೈ ಚಾಚಿದಾಗ, “ಇರ್ಲಿ ಬಿಡ್ರಿ” ಎಂದಳು. ಹಾಡುತ್ತಲೇ ಇಳಿದಳು. ಗಂಡನ ಎದುರಿಗೇ ನಿಂತು ಪಲ್ಲವಿ ಮುಗಿಸಿ, ನನ್ನತ್ತ ನೋಡಿ ಹುಬ್ಬು ಹಾರಿಸಿದಳು.

ಆಮೇಲೆ ಅವಳು ಕೆಲಸಕ್ಕೆ ಬರಲಿಲ್ಲ. ಊರಿಗೆ ಹೋದಳೆಂದು ಕೆಲವರು, ಗಂಡ ಕೆಲಸ ಬಿಡಿಸಿದನೆಂದು ಕೆಲವರು. ಅವಳ ಫೋನಂತೂ ಸಿಗಲೇ ಇಲ್ಲ.

ಈಗ ಆ ತಿರುವು ಬಂದಾಗ, “ಆಫ್ ಮಾಡಣ್ಣ” ಎನ್ನುವವಳು ನಾನು. ಹಾಡು ನಿಂತ ಮೇಲೆ ಕಿಟಕಿಯಾಚೆಗೆ ಕಿವಿಗೊಡುತ್ತೇನೆ, ಓಣಿಯೊಳಗಿಂದ ಮುಂದಿನ ಸಾಲು ಕೇಳೀತೇನೋ ಎಂದು.