ರಕ್ತದೊಳಗಿನ ಅಂಕಿ

ಅರವತ್ತರ ದಶಕದಲ್ಲಿ ನಾನು ಹುಕ್ಕೇರಿಯ ಒಂದು ಶಾಲೆಯಲ್ಲಿ ಶಿಕ್ಷಕಿಯಾಗಿದ್ದೆ. ಅಪ್ಪ ತೀರಿದ ಸುದ್ದಿ ಬಂದಾಗ ಬಸ್ಸು ಹತ್ತಿ ನಮ್ಮೂರು ಕುಲಗೋಡಕ್ಕೆ ಹೋದೆ. ಹೆಣದ ಮುಂದೆ ಕುಳಿತೆ. ಅಳು ಬರಲಿಲ್ಲ. ದುಃಖವೂ ಆಗಲಿಲ್ಲ. ಸುತ್ತಲಿನ ಗೋಳಾಟ ಗೋಡೆಯಾಚೆ ಯಾರೋ ಮಾತಾಡಿದ ಹಾಗೆ ಕೇಳುತ್ತಿತ್ತು.

"ಸಾಲಿ ಕಲತಾಕಿ, ಕಲ್ಲಾಗ್ಯಾಳ," ಅಂದಳು ಸೋದರತ್ತೆ. ಅದೂ ನಾಟಲಿಲ್ಲ.

ಅಣ್ಣ ಮಾತ್ರ ನನ್ನನ್ನೇ ನೋಡುತ್ತಿದ್ದ. ಕುರಿ ಕಾಯುವವನು, ಮಂದೆಯಲ್ಲಿ ಒಂದು ಮರಿ ಮೇವು ಬಿಟ್ಟರೂ ಅವನಿಗೆ ತಿಳಿಯುತ್ತಿತ್ತು. ಆ ಸುಡು ಬೇಸಿಗೆಯಲ್ಲಿ ನಾನು ಕಂಬಳಿ ಹೊದ್ದಿದ್ದೆ. ಮುಖ ಊದಿತ್ತು, ದನಿ ಒಡೆದಿತ್ತು, ಕೊರಳು ದಪ್ಪಗಾಗಿತ್ತು.

"ತಂಗಿ, ಇದು ಜಡ್ಡು ಐತಿ," ಅಂದ.

ಕರ್ಮಗಳು ಮುಗಿದ ಮೇಲೆ ಗೋಕಾಕದ ಡಾಕ್ಟರರ ಬಳಿ ಕರೆದುಕೊಂಡು ಹೋದ. ಅವರು ಕೊರಳು ಒತ್ತಿ ನೋಡಿದರು. ಥೈರಾಯ್ಡ್ ಗ್ರಂಥಿ ಸೋತಿದೆ ಎಂದು ಗುಳಿಗೆ ಕೊಟ್ಟು, ರಕ್ತವನ್ನು ಮುಂಬಯಿಗೆ ಕಳಿಸಿದರು. ವಾರಗಟ್ಟಲೆ ಕಾದ ಮೇಲೆ ವರದಿ ಬಂತು. ಅದರಲ್ಲಿ ಒಂದು ದೊಡ್ಡ ಅಂಕಿ.

"ಮೈ ಕಾಯಾಕ ಇರೋ ಕಾವಲುಗಾರರು ತಪ್ಪು ತಿಳದು ನಿಮ್ಮ ಗ್ರಂಥಿ ಮ್ಯಾಲೇ ಬಿದ್ದಾರ್ರಿ," ಎಂದರು ಡಾಕ್ಟರು. "ರಕ್ತಕ್ಕ ನೀರು ಬೆರಸಿ ಎಷ್ಟು ಪಟ್ಟು ತೆಳು ಮಾಡಿದ್ರೂ ಅವರ ಗುರುತು ಸಿಗತೈತಿ. ಅದಕ್ಕ ಅಂಕಿ ದೊಡ್ಡದು."

ಕೆಲವು ತಿಂಗಳಲ್ಲಿ ಮೈ ಬೆಚ್ಚಗಾಯಿತು. ಒಂದು ಮಧ್ಯಾಹ್ನ ಗೋಕಾಕದ ದಾರಿಯಲ್ಲಿ ಬಸ್ಸು ಕೊಣ್ಣೂರ ದಾಟುವಾಗ ಅಪ್ಪ ನೆನಪಾಗಿ ಕಣ್ಣಲ್ಲಿ ನೀರು ಬಂತು. ಬಾಜೂ ಕುಳಿತ ಹೆಂಗಸು ಗಾಬರಿಯಾದಳು. ಸ್ವಲ್ಪ ಹೊತ್ತಿಗೆ ಅದೂ ನಿಂತಿತು.

ನನಗೋ ಆ ಅಂಕಿಯದೇ ಧ್ಯಾನ. ಹಟ ಹಿಡಿದು ಮತ್ತೆ ರಕ್ತ ಕಳಿಸಿದೆ. ಅಂಕಿ ಹೆಚ್ಚುಕಡಿಮೆ ಮೊದಲಿನಷ್ಟೇ ಇತ್ತು.

"ಗುಳಿಗಿ ನುಂಗಿದ್ದು ದಂಡ ಆತೇನ್ರಿ?" ಎಂದು ಡಾಕ್ಟರರನ್ನು ಕೇಳಿದೆ.

"ಇಲ್ರಿ ಅಕ್ಕೋರ. ಜಡ್ಡು ಯಾತರದು ಅಂತ ಆ ಅಂಕಿ ಹೇಳತೈತಿ. ನೀವು ಎಷ್ಟು ಬಳಲೀರಿ ಅಂತ ಹೇಳೂದಿಲ್ಲ. ಗುಳಿಗಿ ಗ್ರಂಥಿಯ ಕೊರತಿ ತುಂಬತೈತಿ, ಕಾವಲುಗಾರರನ್ನ ಓಡಸೂದಿಲ್ಲ. ನಾ ನಿಮ್ಮ ನಾಡಿ ನೋಡಿ, ತೂಕ ನೋಡಿ, ಮಾತು ಕೇಳಿ ಗುಳಿಗಿ ಕೊಡತೇನಿ. ಅಂಕಿ ನೋಡಿ ಅಲ್ಲ."

"ಮತ್ತ ಎಷ್ಟು ದಿನ ತಗೋಬೇಕ್ರಿ?"

"ಇರೂತನಕ."

ಸಂತೋಷವೂ ಆಗಲಿಲ್ಲ, ಭಯವೂ ಆಗಲಿಲ್ಲ. ಸರಿ ಎಂದೆ. ಮರುದಿನ ಬೆಳಿಗ್ಗೆ ಗುಳಿಗೆ ನುಂಗಿ ಶಾಲೆಗೆ ಹೋಗಿ ಹಾಜರಿ ಕರೆದೆ. ಹಿಂದಿನ ಸಾಲಿನ ಹುಡುಗಿಯರಿಗೂ ದನಿ ಕೇಳಿಸಿತು. ಆಮೇಲೆ ಆ ರಕ್ತದ ಪರೀಕ್ಷೆ ಮಾಡಿಸಲೇ ಇಲ್ಲ.