ದೀಪ ಸಣ್ಣಗಾಯ್ತು

ಮೊನ್ನೆ ಕಾರು ತೊಳೆಸಲು ಕೊಟ್ಟಿದ್ದೆ. ವಾಟರ್ ಸರ್ವೀಸಿನವನು ಎಡಗಡೆ ಸೀಟಿನ ಮುಂದಿದ್ದ ಮ್ಯಾಟನ್ನು ಎಳೆದು ಬಿಸಿಲಿಗೆ ಹಾಕಿದ. ಹತ್ತು ನಿಮಿಷಕ್ಕೆ ಹರಳೆಣ್ಣೆಯ ವಾಸನೆ ಎದ್ದಿತು.

"ಏನ್ ಚೆಲ್ಲಿದ್ರಿ ಮೇಡಂ ಇದ್ರ ಮೇಲೆ? ಎಷ್ಟ್ ಶಾಂಪೂ ಹಾಕಿದ್ರೂ ಹೋಗ್ತಿಲ್ಲ" ಎಂದು ಅವನು ಗೊಣಗಿದ.

ಎಣ್ಣೆ ಚೆಲ್ಲಿ ಎರಡು ವರ್ಷವಾಗಿತ್ತು. ಅದನ್ನು ಚೆಲ್ಲಿದ ಹಿತ್ತಾಳೆಯ ಕೈದೀಪ ಇನ್ನೂ ಡಿಕ್ಕಿಯಲ್ಲೇ ಇತ್ತು, ಹಳೆಯ ಟವೆಲ್ಲಿನಲ್ಲಿ ಸುತ್ತಿಕೊಂಡು…

ದೀಪ ನಮ್ಮ ಎದುರುಮನೆಯ ಮೇಷ್ಟ್ರದು. ದೊಡ್ಡಬಳ್ಳಾಪುರದಲ್ಲಿ ಹೈಸ್ಕೂಲು ಮಕ್ಕಳಿಗೆ ಚರಿತ್ರೆ ಹೇಳಿ ನಿವೃತ್ತರಾದವರು. ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಿಂದ ಕಪ್ಪು ಹಿಡಿದು ಬಂದಾಗಲೆಲ್ಲ ಗೇಟಿನಲ್ಲೇ ತಡೆಯುತ್ತಿದ್ದರು: "ಏನಮ್ಮ ಲಾಯರಮ್ಮ, ಇವತ್ತು ಯಾರ್ನ ಮುಗಿಸ್ಬಿಟ್ಟು ಬಂದೆ?" ನಾನು ಓದುತ್ತಿದ್ದದ್ದು ಕಾಮರ್ಸು. ಆದರೂ ಅವರಿಗೆ ನಾನು ಲಾಯರಮ್ಮನೇ.

ನನಗೆ ಡ್ರೈವಿಂಗ್ ಲೈಸೆನ್ಸ್ ಬಂದ ಮೇಲೆ ಭಾನುವಾರಗಳು ನಮ್ಮಿಬ್ಬರದಾದವು. ಅಪ್ಪನ ಹಳೆಯ ಕಾರು, ಅವರ ಫ್ಲಾಸ್ಕಿನ ಕಾಫಿ. ಒಂದು ವಾರ ಸೂಲಿಬೆಲೆ ಕಡೆ, ಇನ್ನೊಂದು ವಾರ ದೊಡ್ಡಬೆಳವಂಗಲದ ಕಡೆ. ಹೊಲದ ಬದುವಿನಲ್ಲಿ ವಾಲಿಕೊಂಡ ಒಂದು ವೀರಗಲ್ಲು ಕಂಡರೆ ಸಾಕು, ಕಾರು ನಿಲ್ಲಬೇಕು. ಪೂಜೆ ನಿಂತ ಗುಡಿಯೊಳಗೆ ಕಂಬಗಳನ್ನು ಮುಟ್ಟಿ ಮುಟ್ಟಿ ನೋಡುತ್ತ ಅರ್ಧ ದಿನ ಕಳೆಯುತ್ತಿದ್ದರು. ಅವರು ಕಥೆ ಹೇಳುವರು, ನಾನು ಆಧಾರ ಕೇಳುವೆ. ಅವರಿಗೆ ಸಿಟ್ಟು ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು.

ಗುಹೆಗಳಿಗೆ ಮಾತ್ರ ಅವರದೊಂದು ಕಟ್ಟುನಿಟ್ಟಿನ ಪದ್ಧತಿ. ಕೈದೀಪ ಹಿಡಿದು ಅವರೇ ಮುಂದೆ. ಅವರು "ದೀಪ ಸಣ್ಣಗಾಯ್ತು" ಅಂದರೆ ಹಿಂದಿರುವವರು ಮರುಮಾತಿಲ್ಲದೆ ತಿರುಗಬೇಕು. ಒಳಗೆ ಗಾಳಿ ಕೆಟ್ಟಿದ್ದರೆ ಮೊದಲು ತಿಳಿಯುವುದು ಉರಿಗೆ ಎಂದು ಅವರು ವಿವರಿಸಿದ್ದರಿಂದ ನಾನೂ ಒಪ್ಪಿದ್ದೆ. ಕಾರಣ ಕೊಟ್ಟರೆ ನಾನು ಒಪ್ಪುತ್ತೇನೆ. ಮೊದಲ ಗುಹೆಯಲ್ಲಿ ಬಾವಲಿಯೊಂದು ನನ್ನ ಕೆನ್ನೆ ಸವರಿಕೊಂಡು ಹೋಗಿತ್ತು. ನಾನು ಅವರ ಅಂಗಿಯ ತುದಿ ಹಿಡಿದುಕೊಂಡಿದ್ದೆ, ಹೆದರಿಕೆ ಅಂತ ಬಾಯಿಬಿಟ್ಟು ಹೇಳಲು ಅಭಿಮಾನ. ಅಷ್ಟರಲ್ಲಿ ಅವರು "ದೀಪ ಸಣ್ಣಗಾಯ್ತು, ನಡಿಯಮ್ಮ" ಅಂದರು. ಆ ದಿನ ನಾನು ಯಾವ ಆಧಾರವನ್ನೂ ಕೇಳಲಿಲ್ಲ. ದೀಪದ ಕಡೆ ತಿರುಗಿಯೂ ನೋಡಲಿಲ್ಲ.

ಕೊನೆಯ ಪ್ರವಾಸದ ಬೆಳಿಗ್ಗೆ ಆಂಟಿ, ಅಂದರೆ ಮೇಷ್ಟ್ರ ಹೆಂಡತಿ, ಕಾರಿನ ಕಿಟಕಿಗೆ ಬಗ್ಗಿದರು. "ಬೆಟ್ಟ ಗಿಟ್ಟ ಹತ್ತಿಸ್ಬೇಡ ಕಣಮ್ಮ. ಎದೆ ಸರಿಯಿಲ್ಲ, ಆಯಾಸ ಮಾಡ್ಕೋಬಾರ್ದು ಅಂತ ಡಾಕ್ಟ್ರು ಹೇಳಿದಾರೆ. ಮಾತ್ರೆ ಜೇಬಲ್ಲೇ ಇದೆ."

ರಸ್ತೆ ತಿರುಗಿದ ಮೇಲೆ ಮೇಷ್ಟ್ರು ನಕ್ಕರು. "ಬೆಟ್ಟ ಬೇಡ ಅಂದ್ಳು. ಗುಹೆ ಬೇಡ ಅನ್ಲಿಲ್ಲ."

ಅದು ನನಗೆ ಒಳ್ಳೆಯ ವಾದವೆನಿಸಿತು.

ಆವತಿ ದಾಟಿ ಮಣ್ಣುರಸ್ತೆಗೆ ಇಳಿದರೆ ಒಂದು ಬಂಡೆಗುಡ್ಡ. ಅದರ ಬುಡದಲ್ಲಿ ಗುಹೆ, ಬಾಯಲ್ಲೊಂದು ಸಣ್ಣ ಗುಡಿ. ಅಲ್ಲಿನ ಪೂಜಾರಪ್ಪ ಹೂವು ಬಿಡಿಸುತ್ತ, "ಒಳಗಿಂದ ಸುರಂಗ ಐತೆ, ಸೀದಾ ದೇವನಹಳ್ಳಿ ಕೋಟೆಗೇ ಹೋಯ್ತದೆ" ಎಂದ.

"ನೀವು ಹೋಗಿದೀರಾ?" ನಾನು ಕೇಳಿದೆ.

"ನಮ್ ತಾತ ಹೋಗಿದ್ರಂತೆ."

"ತಾತ ಕೋಟೇಲಿ ಎದ್ದರಾ, ಇಲ್ಲ ವಾಪಸ್ ಇಲ್ಲೇ ಬಂದರಾ?"

"ಬುಡು ತಾಯಿ, ನಿಂಗೆ ನಂಬ್ಕೆ ಇಲ್ಲ" ಎಂದು ಆತ ಹೂವಿನ ಬುಟ್ಟಿಯನ್ನು ಆಚೆ ಸರಿಸಿಕೊಂಡ.

ನಮ್ಮ ಜಿಲ್ಲೆಯ ಪ್ರತಿ ಗುಹೆಗೂ ಕೋಟೆಗೆ ಹೋಗುವ ಸುರಂಗವೊಂದು ಇರಲೇಬೇಕು. ಇವತ್ತು ಇದರ ಕೊನೆಯ ಗೋಡೆ ಮುಟ್ಟಿಯೇ ಬರುತ್ತೇನೆಂದು ನಾನು ಹಟ ಹಿಡಿದೆ. ಮೇಷ್ಟ್ರು "ಇದ್ರೆ ಇರ್ಲಿ ಬಿಡಮ್ಮ, ನಿನ್ ಗಂಟೇನ್ ಹೋಯ್ತು?" ಅಂದರೂ ಬತ್ತಿ ಹಚ್ಚಿದರು.

ಮೊದಲು ನಡೆಯುವಷ್ಟು ಎತ್ತರವಿತ್ತು. ಆಮೇಲೆ ಬಗ್ಗಬೇಕಾಯಿತು. ಒಂದು ಕಡೆ ಮಂಡಿಯೂರಿ ತೆವಳಿ ಆಚೆ ದಾಟಿದೆವು. ಎದ್ದು ನಿಲ್ಲಲು ಅವರು ಗೋಡೆ ಹಿಡಿದುಕೊಂಡರು. ಹತ್ತು ಹೆಜ್ಜೆ ನಡೆದು ನಿಂತರು.

"ದೀಪ ಸಣ್ಣಗಾಯ್ತು. ನಡಿ, ವಾಪಸ್."

ನಾನು ಅವರ ಭುಜದಾಚೆ ಇಣುಕಿದೆ. ಉರಿ ಹೆಬ್ಬೆರಳುದ್ದ ನೆಟ್ಟಗೆ ನಿಂತಿತ್ತು.

"ಎಲ್ಲಿ ಸಣ್ಣಗಾಗಿದೆ ಸರ್? ಚೆನ್ನಾಗೇ ಉರೀತಿದೆ."

"ಆಗಿದೆ ಕಣಮ್ಮ. ನಡಿ."

ನನಗೆ ಇನ್ನು ತಡೆಯಲಾಗಲಿಲ್ಲ. ಉರಿ ಅಲುಗಾಡುತ್ತಿಲ್ಲ, ಬಣ್ಣ ಬದಲಾಗಿಲ್ಲ, ಗಾಳಿ ಕೆಟ್ಟಿದ್ದರೆ ನನಗೂ ಉಸಿರು ಕಟ್ಟಬೇಕಿತ್ತಲ್ಲ ಎಂದು ವೇದಿಕೆಯ ಮೇಲೆ ನಿಂತವಳಂತೆ ಒಂದೊಂದೇ ಮುಂದಿಟ್ಟೆ. ಮೊಬೈಲಿನ ಬೆಳಕಿನಲ್ಲಿ ಅವರ ಕತ್ತಿನ ಬೆವರು ಹೊಳೆಯುತ್ತಿತ್ತು. ಅದನ್ನೂ ಕಂಡೆ. ಒಳಗೆ ಸೆಕೆ ಅಂದುಕೊಂಡೆ. "ಪೂಜಾರಪ್ಪನ ಸುರಂಗದ ಥರಾನೇ ಆಯ್ತು ಸರ್ ನಿಮ್ಮ ದೀಪಾನೂ" ಅಂತಲೂ ಅಂದೆ.

ಅವರು ಉರಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ಗೆದ್ದೆ ಬಿಡು" ಎಂದು ಮುಂದೆ ನಡೆದರು.

ಎಷ್ಟು ಹೆಜ್ಜೆ ಇಟ್ಟರೋ… ಐದೋ ಆರೋ. ಗೋಡೆಗೆ ಬೆನ್ನು ಜಾರಿಸಿಕೊಂಡು ಕುಸಿದು ಕೂತರು. ದೀಪ ಮಾತ್ರ ಕೈಯಲ್ಲೇ ಇತ್ತು. ಇನ್ನೊಂದು ಕೈ ಎದೆಯ ಮೇಲೆ. ಜೇಬಿನಿಂದ ಮಾತ್ರೆ ತೆಗೆಯುವಾಗ ಒಂದು ಕತ್ತಲಲ್ಲಿ ಉರುಳಿಹೋಯಿತು. ಎರಡನೆಯದನ್ನು ನಾಲಿಗೆಯಡಿ ಇಟ್ಟೆ. ಎದ್ದು ನೋಡಿದರೆ ಕೈಯಳತೆಯಲ್ಲೇ ಗುಹೆಯ ಕೊನೆಯ ಗೋಡೆ ಇತ್ತು. ಒಂದೇ ಬಂಡೆ, ಬಿರುಕೂ ಇರಲಿಲ್ಲ. ಸುರಂಗವಿಲ್ಲವೆಂದು ಸಾಬೀತಾಗಿತ್ತು.

ತೆವಳಿ ಬಂದ ಕಡೆ ಅವರನ್ನು ಈಚೆ ತರುವುದು ನನ್ನೊಬ್ಬಳಿಂದ ಆಗುವಂಥದ್ದಲ್ಲ. ಕೂಗಿದೆ. ಪೂಜಾರಪ್ಪ ಪಂಚೆ ಎತ್ತಿ ಕಟ್ಟಿಕೊಂಡು ಬರಿಗೈಯಲ್ಲಿ ಕತ್ತಲೊಳಗೆ ಬಂದ. ಅವನು ಅವರ ಕಂಕುಳಿಗೆ ಕೈಹಾಕಿ ಎಳೆದ, ನಾನು ಕಾಲು ಹಿಡಿದು ತಳ್ಳಿದೆ. ಇಪ್ಪತ್ತು ಅಡಿಗೆ ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ. ಅವರ ಉಸಿರು ಕೇಳಿಸದಿದ್ದಾಗಲೆಲ್ಲ ನಿಂತು ಕಿವಿಗೊಡುತ್ತಿದ್ದೆವು. ಕಾರಿನಲ್ಲಿ ಕೂರಿಸಿದಾಗಲೂ ಅವರು ದೀಪ ಬಿಟ್ಟಿರಲಿಲ್ಲ. ಉರಿ ಯಾವಾಗ ಆರಿತ್ತೋ… ಉಳಿದ ಎಣ್ಣೆಯೆಲ್ಲ ಕಾಲಬುಡದ ಮ್ಯಾಟಿನ ಮೇಲೆ ಸುರಿಯಿತು.

ಆಸ್ಪತ್ರೆ ಸಿಕ್ಕಿತು, ಅವರು ಉಳಿದರು. ಮತ್ತೆ ಎಂಟು ತಿಂಗಳು ಇದ್ದರು. ವರಾಂಡದ ಕುರ್ಚಿಯಲ್ಲಿ ಕೂತೇ ಇರುತ್ತಿದ್ದರು. ನಾನು ಗೇಟು ದಾಟಿದರೆ ಕೈ ಎತ್ತುವರು, "ಲಾಯರಮ್ಮ" ಅನ್ನುವಷ್ಟು ಉಸಿರಿರಲಿಲ್ಲ. ಗುಹೆಯ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವರು ಹೋದ ಮೇಲೆ ಆಂಟಿಗೆ ಮುಖ ಕೊಡದಂತೆ ಹಿಂದಿನ ಬೀದಿಯಿಂದ ಓಡಾಡತೊಡಗಿದೆ.

ಮೊನ್ನೆ ಆ ವಾಸನೆ ಬಂದ ಮೇಲೆ ಇನ್ನು ಮುಂದೂಡಲಾಗಲಿಲ್ಲ. ದೀಪ ಹಿಡಿದುಕೊಂಡು ಎದುರುಮನೆಗೆ ಹೋದೆ. ಆಂಟಿ ಅದನ್ನು ಕೈಗೆ ತೆಗೆದುಕೊಂಡು ಸೆರಗಿನಿಂದ ಒರೆಸಿದರು.

"ನೀನಿದ್ದೆ ಅಂತ ಅವತ್ತು ಬದುಕಿ ಬಂದ್ರು ಕಣಮ್ಮ. ದೀಪ ಸಣ್ಣಗಾಯ್ತು ಅಂತ ಹುಡುಗೀನೇ ವಾಪಸ್ ತಿರುಗಿಸಿದ್ಳು ಅಂತ ಹೇಳಿದ್ರು."

ಸುಮ್ಮನಿದ್ದಿದ್ದರೆ ಮುಗಿದುಹೋಗುತ್ತಿತ್ತು.

"ಇಲ್ಲ ಆಂಟಿ. ಹಾಗಂದಿದ್ದು ಅವರು. ಸುಳ್ಳು ಅಂತ ವಾದ ಮಾಡಿ ಮುಂದೆ ಕರ್ಕೊಂಡ್ ಹೋಗಿದ್ದು ನಾನು. ದೀಪ ಚೆನ್ನಾಗೇ ಉರೀತಿತ್ತು."

ಅವರು ಒರೆಸುವುದನ್ನು ನಿಲ್ಲಿಸಿದರು. ದೀಪದ ಬಾಯನ್ನು ಬೆರಳಿನಿಂದ ಸವರಿದರು.

"ಮದುವೆ ಆದ ಹೊಸದ್ರಲ್ಲಿ ನನ್ನೂ ಕರ್ಕೊಂಡ್ ಹೋಗೋರು" ಎಂದರು. "ನನಗೆ ಕತ್ತಲೆ ಅಂದ್ರೆ ಪ್ರಾಣ ಹೋಗೋದು, ಹೇಳ್ಕೊಳಕ್ಕೆ ನಾಚಿಕೆ. ನಂಗೆ ಕೈ ತಣ್ಣಗಾಗ್ತಿದ್ದ ಹಾಗೇನೇ ದೀಪ ಸಣ್ಣಗಾಯ್ತು ಅನ್ನೋರು. ಎಲ್ಲಾ ಗುಹೇಲೂ ಚೆನ್ನಾಗೇ ಉರಿಯೋದಮ್ಮ ಅದು."

ಬಾವಲಿ ಸವರಿದ ಕೆನ್ನೆ ನೆನಪಾಯಿತು. ಅವತ್ತು ತಿರುಗಿಯೂ ನೋಡದ ಉರಿ ನೆನಪಾಯಿತು.

ಆಂಟಿ ದೀಪವನ್ನು ಒಳಗಿಡಲು ಎದ್ದರು. ಕೂರು ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ನನ್ನ ಕೈಗೆ ಅಂಟಿದ ಎಣ್ಣೆಯನ್ನು ಒರೆಸಿಕೊಳ್ಳದೆ, ವರಾಂಡದಲ್ಲಿ ಮೇಷ್ಟ್ರ ಖಾಲಿ ಕುರ್ಚಿಯ ಪಕ್ಕದಲ್ಲಿ ಹಾಗೇ ನಿಂತಿದ್ದೆ…